ಮನೆಗೆ ಎಷ್ಟು ಅಂಕ?

ಹಾಡುವವರಿಗೆ, ಕುಣಿಯುವವರಿಗೆ, ಅಡಿಗೆ ಮಾಡುವವರಿಗೆ ಅಂಕ ಕೊಟ್ಟು ಮುಗಿದ ಮೇಲೆ ದೂರದರ್ಶನದ ದೃಷ್ಟಿ ಜನ ವಾಸಿಸುವ ಮನೆಗಳ ಮೇಲೆ ಬಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಐರ್ಲೆಂಡಿನ ಆರ್‌ಟಿಇ ಸಂಸ್ಥೆ 2015ರಲ್ಲಿ 'ಹೋಮ್ ಆಫ್ ದಿ ಇಯರ್' ಎಂಬ ಸ್ಪರ್ಧೆಯನ್ನು ಆರಂಭಿಸಿತು. ಬಿಬಿಸಿಯ ಸ್ಕಾಟ್ಲೆಂಡ್ ವಾಹಿನಿ 2019ರಲ್ಲಿ ಅಂಥದೇ ಒಂದು ಸ್ಪರ್ಧೆಯನ್ನು ತನ್ನ ನಾಡಿನಲ್ಲಿ ಹೂಡಿತು. ಕ್ರಮ ಸರಳವಾದುದು. ಮೂವರು ತೀರ್ಪುಗಾರರು ಮನೆಯನ್ನು ಹೊಕ್ಕು, ಗೋಡೆಯ ಬಣ್ಣವನ್ನೂ ಬೆಳಕು ಬೀಳುವ ಬಗೆಯನ್ನೂ ಪೀಠೋಪಕರಣಗಳ ಜೋಡಣೆಯನ್ನೂ ನೋಡಿ, ತಲಾ ಹತ್ತಕ್ಕೆ ಇಷ್ಟೆಂದು ಅಂಕವಿಡುತ್ತಾರೆ. ಆ ವೇಳೆಯಲ್ಲಿ ಮನೆಯವರು ಅಲ್ಲಿರುವುದಿಲ್ಲ. ಇಲ್ಲಿ ವಾಸಿಸುವವರು ಎಂಥವರಿರಬಹುದೆಂದು ಸಾಮಾನುಗಳಿಂದಲೇ ಊಹಿಸುವುದು ತೀರ್ಪುಗಾರರ ವಿನೋದ. ನೋಡುವವರ ವಿನೋದವೂ ಅದೇ.

ನಮ್ಮಲ್ಲಿ ಈ ಅಭಿರುಚಿ ಮೊಬೈಲಿನ ತೆರೆಯ ಮೇಲೆ 'ಹೋಮ್ ಟೂರ್' ಎಂಬ ಹೆಸರಿನಿಂದ ಬಂದಿದೆ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕುಳಿತ ಹುಡುಗನೂ ಬೆಂಗಳೂರಿನ ಯಾರದೋ ಅಡಿಗೆಮನೆಯ ಕಪಾಟುಗಳನ್ನು ಒಂದೊಂದಾಗಿ ತೆರೆದು ನೋಡಬಲ್ಲ. ಕನ್ನಡ ದೂರದರ್ಶನದ ಅತಿ ಪ್ರಸಿದ್ಧವಾದ 'ಮನೆ'ಯಂತೂ ವಾಸಕ್ಕೆಂದು ಕಟ್ಟಿದ್ದೇ ಅಲ್ಲ. 2025ರ ಅಕ್ಟೋಬರ್‌ನಲ್ಲಿ, ಬಿಡದಿಯಲ್ಲಿ 'ಬಿಗ್ ಬಾಸ್' ಮನೆಯಿದ್ದ ಸ್ಟುಡಿಯೋ ಆವರಣಕ್ಕೆ, ಕೊಳಚೆ ನೀರಿನ ವಿಲೇವಾರಿ ಸರಿಯಿಲ್ಲವೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಬೀಗ ಬಿದ್ದಿತ್ತು. ಬೀಗ ಬೇಗನೆ ತೆರೆಯಿತು. ಆದರೆ ಅಷ್ಟೊಂದು ಕ್ಯಾಮೆರಾಗಳಿದ್ದ ಆ ಮನೆಯಲ್ಲಿ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಒಂದು ಕ್ಯಾಮೆರಾವೂ ತೋರಿಸಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮನೆಯ ಅಂದಕ್ಕೆ ಬಹುಮಾನ ಕೊಡುವ ಪದ್ಧತಿ ನಮಗೆ ಹೊಸತಲ್ಲ. ರಂಗೋಲಿಯ ಸ್ಪರ್ಧೆಗಳಿವೆ, ದಸರೆಯ ಗೊಂಬೆಗಳ ಸ್ಪರ್ಧೆಗಳಿವೆ, ಮೈಸೂರಿನಲ್ಲಿ ಮನೆಯಂಗಳದ ತೋಟಗಳ ಸ್ಪರ್ಧೆಯೂ ಉಂಟು. ಆದರೆ ಇವು ಬಹುಮಟ್ಟಿಗೆ ಹೊಸ್ತಿಲ ಹೊರಗೆ ಇಲ್ಲವೆ ಪಡಸಾಲೆಯಲ್ಲಿ ಮುಗಿಯುತ್ತಿದ್ದವು. ಬಹುಮಾನ ರಂಗೋಲಿಗೆ ಬರುತ್ತಿತ್ತೇ ಹೊರತು ರಂಗೋಲಿ ಇಟ್ಟವಳ ಬದುಕಿಗಲ್ಲ. ಹೊಸ ಸ್ಪರ್ಧೆ ಮಲಗುವ ಕೋಣೆಯವರೆಗೆ ಹೋಗುತ್ತದೆ. ಹಾಗೆ ಹೋಗಿಯೂ ಮನೆಯವರನ್ನು ಕಾಣದೆ ಹಿಂದಿರುಗುತ್ತದೆ.

ಈ ಮೂವರು ತೀರ್ಪುಗಾರರನ್ನು ಕೊಳ್ಳೇಗಾಲದ ನೇಕಾರರ ಬೀದಿಗೆ ಕರೆತಂದೆವೆಂದು ಇಟ್ಟುಕೊಳ್ಳೋಣ. ಅಲ್ಲಿ ಉಳಿದಿರುವ ಗುಂಡಿಮಗ್ಗದ ಮನೆಯೊಂದಕ್ಕೆ ಅವರು ಎಷ್ಟು ಅಂಕ ಕೊಟ್ಟಾರು? ಮುಂದಿನ ಕೋಣೆಯ ಬಹುಭಾಗವನ್ನು ಮಗ್ಗವೇ ಆಕ್ರಮಿಸಿರುತ್ತದೆ. ಅತಿಥಿಗೆ ಕುರ್ಚಿ ಹಾಕಲು ಎಡೆಯಿಲ್ಲ. ನೆಲದಲ್ಲಿ ಗುಂಡಿ, ನೇಯುವವನು ಅದರಲ್ಲಿ ಕಾಲಿಳಿಸಿ ಕುಳಿತು ಕಾಲಮಣೆಗಳನ್ನು ಒತ್ತಬೇಕು. ಮಣ್ಣಿನ ನೆಲವನ್ನು ಕಂಡು ಬಡತನವೆಂದು ಬರೆದುಕೊಳ್ಳುವುದು ಸುಲಭ. ನೂಲು ಒಣಗಿ ಕಡಿಯದಂತೆ ಕಾಯುವುದು ಆ ನೆಲದ ತಂಪೆಂಬುದು ನೇಯುವವನಿಗೆ ಗೊತ್ತು. ಕಿಟಕಿ ಇರುವುದು ಬೀದಿಯ ನೋಟಕ್ಕಲ್ಲ, ಎಳೆ ಎಣಿಸುವಷ್ಟು ಬೆಳಕು ಪಕ್ಕದಿಂದ ಬೀಳಲೆಂದು. ಸೀರೆಯ ಸೆರಗಿಗೆ ಹೂಬಳ್ಳಿ ಎತ್ತುವ ಜಕಾರ್ಡ್ ಪೆಟ್ಟಿಗೆ ಮಗ್ಗದ ನೆತ್ತಿಯ ಮೇಲೆ ಕೂರುವುದರಿಂದ ಮಾಡು ಎತ್ತರವಾಗಿರಲೇಬೇಕು. ಇಂದು ಊರೂರಿಗೆ ಹಬ್ಬಿರುವ 'ಫಾಲ್ಸ್ ಸೀಲಿಂಗ್' ಎಂಬ ಹುಸಿಮಾಡನ್ನು ಅಲ್ಲಿ ಹೊದಿಸುವಂತಿಲ್ಲ. ಹಾಸು ಹೊಕ್ಕು ಎಂಬ ಎರಡು ಮಾತುಗಳನ್ನು ನಾವು ಸಾಹಿತ್ಯದ ತರಗತಿಯಲ್ಲಿ ಧಾರಾಳವಾಗಿ ಬಳಸುತ್ತೇವೆ. ಅವು ಒಂದು ಕೋಣೆಯ ಉದ್ದಗಲವನ್ನು ನಿರ್ಧರಿಸುತ್ತವೆಂಬುದು ನಮಗೆ ಹೊಳೆಯುವುದು ಕಡಿಮೆ.

ರೇಷ್ಮೆಹುಳು ಸಾಕುವವರ ಮನೆಯ ಕಥೆ ಇನ್ನೂ ಸ್ವಾರಸ್ಯವಾದುದು. 1956ರವರೆಗೆ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಪ್ರಾಂತದಲ್ಲಿ ರೇಷ್ಮೆಯೆಂದರೆ ಮುಖ್ಯವಾಗಿ ಈ ತಾಲ್ಲೂಕೇ. ಆಗ ಹುಳುವಿಗೂ ಮನುಷ್ಯನಿಗೂ ಒಂದೇ ಸೂರು. ಹುಳು 'ಜ್ವರ'ಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಮನೆಮಂದಿಯೆಲ್ಲ ಸದ್ದಡಗಿಸಿ ನಡೆಯುತ್ತಿದ್ದರು. ಹಣ್ಣಾದ ಹುಳುಗಳನ್ನು ಚಂದ್ರಂಕಿಗೆ ಬಿಟ್ಟ ಮೇಲೆ ಅಂಗಳವೂ ಅವುಗಳದೇ. 1980ರಲ್ಲಿ ಊಜಿ ನೊಣವೆಂಬ ಪೀಡೆ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದಿತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಹುಟ್ಟಿದ ಮರಿ ಹುಳುವನ್ನು ಒಳಗಿನಿಂದ ತಿನ್ನುತ್ತದೆ. ಅಂದಿನಿಂದ ರೇಷ್ಮೆ ಬೆಳೆಗಾರರು ಬಾಗಿಲು ಕಿಟಕಿಗಳಿಗೆ ನೈಲಾನ್ ಬಲೆ ಕಟ್ಟಿದರು. ಅನುಕೂಲವಿದ್ದವರು ಹುಳುವಿಗೆ ಬೇರೆಯೇ ಮನೆ ಕಟ್ಟಿಕೊಂಡರು. ಯಾವ ವಾಸ್ತುಶಿಲ್ಪಿಯೂ ಮಾಡದ ಬದಲಾವಣೆಯನ್ನು ಒಂದು ನೊಣ ಮಾಡಿತೆನ್ನಬೇಕು. ಬಲೆ ಹೊದಿಸಿದ ಕಿಟಕಿಗೆ ಹತ್ತರಲ್ಲಿ ಎಷ್ಟು?

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು, ಕಾಡನ್ನು ಮುತ್ತಿಕೊಂಡಿರುವ ಲಂಟಾನ ಗಿಡದ ಕಡ್ಡಿಗಳಿಂದ ಕುರ್ಚಿ, ಸೋಫಾಗಳನ್ನು ಹೆಣೆಯಲು ಕಲಿತಿದ್ದಾರೆ. ಅವು ನಗರದ ಹಜಾರದಲ್ಲಿ 'ಸಹಜ ಸೊಬಗು' ಎನಿಸಿಕೊಂಡು ಅಂಕ ಗಳಿಸಬಲ್ಲವು. ಹೆಣೆದವನ ಪೋಡಿನ ಮನೆಗೆ ಆ ಸಹಜತೆಯ ಅಂಕ ದೊರೆಯುವುದೆಂದು ಹೇಳಲಾರೆ.

ತೀರ್ಪುಗಾರರು ದೂರದರ್ಶನದಲ್ಲಿ ಮಾತ್ರ ಇದ್ದಾರೆಂದು ತಿಳಿಯುವುದು ಸರಿಯಲ್ಲ. ಸರ್ಕಾರವೂ ಮನೆಗಳ ತೀರ್ಪುಗಾರನೇ. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್; ಬಯಲುಸೀಮೆಯಲ್ಲಿ ನೆರವಿನ ಮೊತ್ತ 1 ಲಕ್ಷ 20 ಸಾವಿರ ರೂಪಾಯಿ ಎಂದು ಗೊತ್ತುಮಾಡಲಾಯಿತು. ಕಾನೂನಿನ ಕನಿಷ್ಠವೇ ಬಡವನ ಕೈಯಲ್ಲಿ ಗರಿಷ್ಠವಾಗುತ್ತದೆ. ಕಟ್ಟಡದ ಪ್ರತಿ ಹಂತದಲ್ಲಿಯೂ ಸ್ಥಳದ ಗುರುತು ಸಹಿತ ಛಾಯಾಚಿತ್ರ ತೆಗೆದು ಕಳುಹಿಸಬೇಕು. ಚಿತ್ರ ಒಪ್ಪಿಗೆಯಾದರೆ ಕಂತು ಬರುತ್ತದೆ. ಹಣ ನಡುವೆ ಸೋರಿಹೋಗದಂತೆ ಮಾಡಿದ ಈ ಏರ್ಪಾಡನ್ನು ಯಾರೂ ಆಕ್ಷೇಪಿಸಲಾರರು. ಸೋರದ ಸೂರು ಪಡೆದವರು ನಮ್ಮ ಹಳ್ಳಿಗಳಲ್ಲಿ ಅನೇಕರಿದ್ದಾರೆ. ಆದರೂ ಇಲ್ಲಿಯೂ ಕ್ಯಾಮೆರಾ ಕಾಣುವುದು ತಳಪಾಯ, ಗೋಡೆ, ಛಾವಣಿಗಳನ್ನು. ಆ 25 ಚದರ ಮೀಟರಿನಲ್ಲಿ ಮಗ್ಗ ಎಲ್ಲಿ ಕೂರಬೇಕು, ಹುಳುವಿನ ತಟ್ಟೆಗಳನ್ನು ಎಲ್ಲಿ ಜೋಡಿಸಬೇಕು, ಆಡು ಎಲ್ಲಿ ಕಟ್ಟಬೇಕು ಎಂಬುದು ಚಿತ್ರದ ಚೌಕಟ್ಟಿನಾಚೆಯ ಪ್ರಶ್ನೆ. ಹುಳುವಿನ ಮನೆಗೆ ರೇಷ್ಮೆ ಇಲಾಖೆಯ ಸಹಾಯಧನವಿದೆ. ಅದರ ಕಡತವೇ ಬೇರೆ. ನೇಕಾರರಿಗಾಗಿ ನಮ್ಮ ರಾಜ್ಯದ ಕೈಮಗ್ಗ ಇಲಾಖೆ 'ವಸತಿ ಕಾರ್ಯಾಗಾರ' ಎಂಬ ಯೋಜನೆಯನ್ನು ನಡೆಸಿತ್ತು. ಕಚೇರಿಯ ಭಾಷೆಯಲ್ಲಿ ಇಷ್ಟು ಅರ್ಥವತ್ತಾದ ಸಮಾಸಗಳು ಅಪರೂಪ. ವಸತಿಯೂ ಹೌದು, ಕಾರ್ಯಾಗಾರವೂ ಹೌದು. ನಮ್ಮ ಸೀಮೆಯ ದುಡಿಯುವವರ ಮನೆಗೆ ಇದಕ್ಕಿಂತ ಸಮರ್ಪಕವಾದ ಲಕ್ಷಣವನ್ನು ನಾನು ಕಂಡಿಲ್ಲ.

ಹಾಗೆಂದು ಹಳೆಯ ಮನೆಗಳೆಲ್ಲ ಸೊಗಸು, ಹೊಸತೆಲ್ಲ ಹುಸಿ ಎಂದು ಹಾಡುವವರ ಗುಂಪಿಗೆ ಸೇರಲು ನನಗೆ ಮನಸ್ಸಿಲ್ಲ. ತೊಟ್ಟಿಮನೆಯ ಚಿತ್ರ ಕಂಡೊಡನೆ ನಮ್ಮ ವಿದ್ಯಾವಂತರು ಕರಗಿಹೋಗುತ್ತಾರೆ. ಕಂಬಗಳ ಸಾಲು, ನಡುವೆ ಸುರಿಯುವ ಬೆಳಕು, ತಂಪಾದ ಜಗಲಿ, ಇವೆಲ್ಲ ನಿಜ. ಯಾವ ಜಾತಿಯವನು ಬೀದಿಯಲ್ಲೇ ನಿಲ್ಲಬೇಕು, ಯಾವನು ಜಗಲಿಯ ಕೆಳಗೆ, ಯಾವನು ಪಡಸಾಲೆಯವರೆಗೆ ಎಂಬುದನ್ನು ಅದೇ ಮನೆಯ ಮೆಟ್ಟಿಲುಗಳು ತಪ್ಪದೆ ಅಳೆಯುತ್ತಿದ್ದವು. ಹಿತ್ತಿಲ ಬಾಗಿಲಿಂದ ಬಂದು ದುಡಿದು ಹಿತ್ತಿಲ ಬಾಗಿಲಿಂದಲೇ ಹೋದವರ ಕಣ್ಣಿಗೆ ಆ ಬೆಳಕು ಬೇರೆಯಾಗಿಯೇ ಕಂಡಿರಬೇಕು. ಅಂಥವರ ಮೊಮ್ಮಗ ಇಂದು ಸಾಲ ಮಾಡಿ ನೆಲಕ್ಕೆ ಹೊಳೆಯುವ ಹಾಸುಗಲ್ಲು ಹಾಕಿಸಿದರೆ, ಅದನ್ನು ಅಭಿರುಚಿಯ ಕೊರತೆಯೆಂದು ನಗುವ ಅಧಿಕಾರ ಯಾರಿಗಿದೆ? ಆ ನೆಲ ಅವನ ಪಾಲಿಗೆ ಅಲಂಕಾರವಲ್ಲ, ಉತ್ತರ.

ಕನ್ನಡದ ಜನಪದ ಕಥೆಯೊಂದರಲ್ಲಿ, ರಾತ್ರಿ ನಂದಿಸಿದ ದೀಪಗಳೆಲ್ಲ ಊರಾಚೆಯ ಗುಡಿಯಲ್ಲಿ ಸೇರಿ ತಮ್ಮ ತಮ್ಮ ಮನೆಯ ವರ್ತಮಾನವನ್ನು ಹೇಳಿಕೊಳ್ಳುತ್ತವೆ. ಎ.ಕೆ. ರಾಮಾನುಜನ್ ಇದನ್ನು ಇಂಗ್ಲಿಷಿಗೆ ತಂದರು. ನಮ್ಮ ನೆರೆಯ ನಂಜನಗೂಡು ಸೀಮೆಯ ನುಡಿಯಲ್ಲಿ ದೇವನೂರ ಮಹಾದೇವರು ಬರೆದ 1984ರ 'ಕುಸುಮಬಾಲೆ'ಯಲ್ಲಿ ಈ ದೀಪಗಳೇ ಜೋತಮ್ಮಗಳಾಗಿ ಬರುತ್ತವೆ. ಅವೂ ಮನೆಗಳನ್ನು ಕುರಿತೇ ಮಾತಾಡುತ್ತವೆ. ಆದರೆ ಗೋಡೆಯ ಬಣ್ಣ ಅವುಗಳ ಮಾತಿನಲ್ಲಿ ಬರುವುದಿಲ್ಲ. ಯಾರು ಯಾರೊಡನೆ ಏನು ನುಡಿದರು, ಯಾರು ಅತ್ತರು, ಯಾವುದನ್ನು ಬಚ್ಚಿಟ್ಟರು ಎಂಬುದೇ ಅವುಗಳ ವಿಷಯ. ಮನೆಯವರಿಲ್ಲದ ಹೊತ್ತಿನಲ್ಲಿ ಬಂದ ತೀರ್ಪುಗಾರನಿಗೂ ಮನೆಯೊಳಗೇ ಉರಿದ ದೀಪಕ್ಕೂ ಇರುವ ವ್ಯತ್ಯಾಸ ಇಷ್ಟೆ.

ನಮ್ಮ ಕಾಲೇಜುಗಳ ಹುಡುಗ ಹುಡುಗಿಯರಲ್ಲಿ ಸಹಪಾಠಿಗಳನ್ನು ಮನೆಗೆ ಕರೆಯಲು ಹಿಂಜರಿಯುವವರು ಹೆಚ್ಚುತ್ತಿದ್ದಾರೆಂಬುದನ್ನು ಅಧ್ಯಾಪಕರೆಲ್ಲ ಬಲ್ಲರು. ತಂದೆ ನೇಯ್ದ ಸೀರೆಯ ಹಣದಿಂದ ಓದುವವನಿಗೆ ಮಗ್ಗವಿರುವ ಕೋಣೆಯೇ ನಾಚಿಕೆಯಾಗತೊಡಗಿದೆ. ಇಂಥವರಿಗೆ ರಜೆಯಲ್ಲಿ ಒಂದು ಕೆಲಸ ಕೊಡಬಹುದು. ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಒಬ್ಬೊಬ್ಬರು ಒಂದೊಂದು ಮನೆಯ ನಕ್ಷೆಯನ್ನು ಬರೆದು, ಯಾವ ಮೂಲೆಯಲ್ಲಿ ಯಾವ ಕೆಲಸ, ಅದಕ್ಕೆ ಮನೆಯವರು ಬಳಸುವ ಮಾತು ಯಾವುದು, ಯಾರಿಗೆ ಎಲ್ಲಿಯವರೆಗೆ ಪ್ರವೇಶವಿತ್ತು ಎಂಬುದನ್ನು ಅದರಲ್ಲಿ ಗುರುತಿಸಲಿ. ಗುಂಡಿಮಗ್ಗದ ಮನೆಗಳಿಂದ ಆರಂಭಿಸುವುದು ಮೇಲು. ಮಗ್ಗ ಬಿಚ್ಚಿದ ಮನೆಗಳಲ್ಲಿ ಗುಂಡಿಯನ್ನು ಮುಚ್ಚಿ ನೆಲ ಹಾಸುತ್ತಿದ್ದಾರೆ. ಇನ್ನೊಂದು ತಲೆಮಾರು ಕಳೆದರೆ ಅದು ಯಾವ ಕೋಣೆಯಲ್ಲಿತ್ತೆಂದು ತೋರಿಸುವವರು ಸಿಗುವುದು ಕಷ್ಟ.