ಬೀರುವಿನ ಪುಸ್ತಕ ಮನೆಗೂ ಬರಲಿ



ಈ ತಿಂಗಳ ಗೋಡೆ ಪತ್ರಿಕೆಗೆ 'ನನ್ನ ಮೆಚ್ಚಿನ ಪುಸ್ತಕ' ಅಂತ ಬರೆಯಲು ಹೇಳಿದ್ದಾರೆ. ನಾನು ಒಂದೇ ಪುಸ್ತಕದ ಬಗ್ಗೆ ಬರೆಯುವುದಿಲ್ಲ. ಮಕ್ಕಳ ಪುಸ್ತಕ ಎಂದರೆ ಮಕ್ಕಳು ಮಾತ್ರ ಓದುವುದು ಅಂತ ಎಲ್ಲರೂ ತಿಳಿದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅದನ್ನು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಕೇಳಬೇಕು. ಅದಕ್ಕಾಗಿ ನಮ್ಮ ಶಾಲೆಯ ಬೀರುವಿನಲ್ಲಿರುವ ಪುಸ್ತಕಗಳನ್ನು ಮನೆಗೆ ಕೊಡಬೇಕು. ಇದು ನನ್ನ ಅಭಿಪ್ರಾಯ.

ಈಗಿನ ನಿಯಮ ನಿಮಗೆಲ್ಲ ಗೊತ್ತೇ ಇದೆ. ಶನಿವಾರ ಕೊನೆಯ ಪಿರಿಯಡ್‌ನಲ್ಲಿ ಬೀರು ತೆಗೆಯುತ್ತಾರೆ, ಸಾಲಾಗಿ ಕೂತು ಓದಬೇಕು, ಬೆಲ್ ಹೊಡೆದ ಕೂಡಲೇ ವಾಪಸ್ ಇಡಬೇಕು. ನಲವತ್ತು ನಿಮಿಷದಲ್ಲಿ ರಾಕ್ಷಸ ಬರುವ ಹೊತ್ತಿಗೆ ಬೆಲ್ ಆಗುತ್ತದೆ. ಮುಂದಿನ ಶನಿವಾರ ಆ ಪುಸ್ತಕ ಬೇರೆಯವರ ಕೈಯಲ್ಲಿ ಇರುತ್ತದೆ. ಮನೆಗೆ ಕೊಟ್ಟರೆ ಹರಿದು ಹಾಕುತ್ತಾರೆ, ಕಳೆಯುತ್ತಾರೆ ಎಂದು ಹೇಳುತ್ತಾರೆ. ಆದರೆ ಹೋದ ಮಳೆಗಾಲದಲ್ಲಿ ಕೆಳಗಿನ ಅರೆಯ ಪುಸ್ತಕಗಳಿಗೆ ಗೆದ್ದಲು ಹತ್ತಿತಲ್ಲ? ಹದಿನೇಳು ಪುಸ್ತಕ ಹೋಯಿತು. ಎಣಿಸಿದ್ದು ನಾನೇ, ಮಣ್ಣು ಕೊಡವಿ ಹೊರಗೆ ಹಾಕುವ ಕೆಲಸ ನಮ್ಮ ತರಗತಿಗೇ ಬಂದಿತ್ತು. ಅದರಲ್ಲಿ ಒಂದನ್ನೂ ಯಾವ ಮಕ್ಕಳೂ ಹರಿದಿರಲಿಲ್ಲ. ಕೆಲವಕ್ಕೆ ಶಾಲೆಯ ಸೀಲು ಬಿಟ್ಟರೆ ಕೈಯ ಗುರುತೇ ಇರಲಿಲ್ಲ. ಮೇಷ್ಟ್ರು ಇದನ್ನು ಓದಿ ಬೇಜಾರು ಮಾಡಿಕೊಳ್ಳಬಾರದು.

ಮನೆಯಲ್ಲಿ ಓದಿದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಪಂಚಾಯಿತಿ ಊರಿನಲ್ಲಿ ಅರಿವು ಕೇಂದ್ರ ಇದೆ. ಮೊದಲು ಅದಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಅಂತಿದ್ದರು. 2020ರಲ್ಲಿ 'ಓದುವ ಬೆಳಕು' ಅಂತ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ದುಡ್ಡಿಲ್ಲದೆ ಸದಸ್ಯತ್ವ ಸಿಗುತ್ತಿದೆ. ನನ್ನ ಅಪ್ಪ ಸೊಸೈಟಿಗೆ ಹೋದ ದಿನ ನನಗೆ ಅಲ್ಲಿಂದ ಒಂದು ಪುಸ್ತಕ ತರುತ್ತಾರೆ. ಹೋಗುವುದು ಹದಿನೈದು ದಿನಕ್ಕೊಮ್ಮೆ. ಆ ಪುಸ್ತಕ ಬಂದ ದಿನ ನಮ್ಮನೆಯಲ್ಲಿ ಟಿ.ವಿ. ಹಾಕುವುದು ತಡವಾಗುತ್ತದೆ. ಅಮ್ಮ ಐದನೇ ತರಗತಿವರೆಗೆ ಓದಿದ್ದಾರೆ. ಅಜ್ಜಿಗೆ ಓದಲು ಬರುವುದಿಲ್ಲ. ತಂಗಿ ಮೂರನೇ ತರಗತಿ, ಒತ್ತಕ್ಷರ ಬಂದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಓದುವವಳು ನಾನೊಬ್ಬಳೇ, ಕೇಳುವವರು ನಾಲ್ಕು ಜನ. "ನಂಗೆ ಕೈ ಖಾಲಿ ಇಲ್ಲ, ಕಿವಿ ಖಾಲಿ ಇದೆ, ಓದೇ" ಅಂತಾರೆ ಅಮ್ಮ.

ಅಡಿಕೆ ಸುಲಿಯುವ ಕಾಲದಲ್ಲಿ ಇನ್ನೂ ಚೆನ್ನ. ಅಮ್ಮನ ಜೊತೆ ನಾನೂ ತಂಗಿಯೂ ಸುಲಿಯುವ ಮನೆಗೆ ಹೋಗುತ್ತೇವೆ. ಎಂಟು ಹತ್ತು ಜನ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಡಬ್ಬಕ್ಕೆ ಇಷ್ಟು ಅಂತ ಕೂಲಿ. (ಈಗ ಸುಲಿಯುವ ಮೆಷಿನ್ ಬಂದಿದೆ. ಅದರ ಸದ್ದಿನಲ್ಲಿ ಏನು ಓದಿದರೂ ಕೇಳುವುದಿಲ್ಲ.) ಹೋದ ವರ್ಷ ಅಲ್ಲಿ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಓದಿದೆ. ಅದು ಮೂಲದಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಬರೆದ ಪದ್ಯ, ಕತೆ ಜರ್ಮನಿಯ ಹ್ಯಾಮೆಲಿನ್ ಅನ್ನುವ ಊರಿನದು. ಕುವೆಂಪು ಅದನ್ನು ನಮ್ಮ ತುಂಗಾ ನದಿಯ ದಡಕ್ಕೆ ತಂದುಬಿಟ್ಟಿದ್ದಾರೆ. ಹಾಗಾಗಿ ಯಾರೂ ಅದನ್ನು ಪರದೇಶದ ಕತೆ ಅಂದುಕೊಳ್ಳಲೇ ಇಲ್ಲ. ಇಲಿಗಳ ಪಟ್ಟಿ ಬಂದಾಗ ಎಲ್ಲರೂ ನಕ್ಕರು. ಇಲಿ ಓಡಿಸಿದ ಮೇಲೆ ಗೌಡ ಹೇಳಿದ ಹಣ ಕೊಡುವುದಿಲ್ಲ ಅಂತ ಬಂದಾಗ ನಗು ನಿಂತಿತು. ಪಕ್ಕದ ಮನೆ ದೊಡ್ಡಮ್ಮ ಕತ್ತಿ ಮೇಲಿನ ಅಡಿಕೆ ಹಾಗೇ ಹಿಡಿದುಕೊಂಡು, "ಅಲ್ಲ ಮಾರಾಯ್ತಿ, ಕೆಲಸ ಮಾಡಿಸ್ಕೊಂಡು ಮಾತು ತಪ್ಪಿದ್ರೆ ಮತ್ತೆಂತ ಆಗ್ತದೆ" ಅಂದರು. ಸುಲಿಸುವ ಮನೆಯವರೂ ಅಲ್ಲೇ ಜಗುಲಿ ಮೇಲೆ ಕೂತಿದ್ದರು. ಎದ್ದು ಡಬ್ಬ ಎಣಿಸಲು ಹೋದರು. ಅದೇ ಪದ್ಯವನ್ನು ನಾವು ತರಗತಿಯಲ್ಲಿ ಪ್ರಾಸಪದ ಹುಡುಕಲು ಓದಿದ್ದೆವು. ಕೂಲಿಯ ವಿಷಯ ಅದರಲ್ಲಿ ಇದೆ ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

ಇದಕ್ಕೇ ನಾನು ಹೇಳುವುದು, ದೊಡ್ಡವರು ಜೊತೆಯಲ್ಲಿ ಕೇಳಿದರೆ ಪುಸ್ತಕದಲ್ಲಿ ನಮಗೆ ಕಾಣದೆ ಇದ್ದದ್ದು ಕಾಣುತ್ತದೆ.

ಹಾಗಂತ ಎಲ್ಲ ಪುಸ್ತಕವೂ ಮನೆಯಲ್ಲಿ ಓದಲು ಆಗುವುದಿಲ್ಲ. ಕೊನೆಯಲ್ಲಿ 'ನೀತಿ' ಅಂತ ದಪ್ಪ ಅಕ್ಷರದಲ್ಲಿ ಬರೆದಿರುವ ಪುಸ್ತಕಗಳಿವೆಯಲ್ಲ, ಅದನ್ನು ಓದಿದರೆ ಅಜ್ಜಿ ಅರ್ಧದಲ್ಲೇ "ಗೊತ್ತಾಯ್ತು ಬಿಡು, ಸುಳ್ಳು ಹೇಳಬಾರದು" ಅಂತ ಎದ್ದು ಹೋಗುತ್ತಾರೆ. ನಮ್ಮ ಮಾವ ಬೆಂಗಳೂರಿನಿಂದ ಗಟ್ಟಿ ರಟ್ಟಿನ ಇಂಗ್ಲಿಷ್ ಪುಸ್ತಕ ತಂದುಕೊಟ್ಟಿದ್ದರು. ಚಿತ್ರ ತುಂಬಾ ಚೆನ್ನಾಗಿದೆ. ತಂಗಿ ಎರಡು ದಿನ ನೋಡಿದಳು, ಆಮೇಲೆ ಅದನ್ನು ಟಿ.ವಿ. ಮೇಲೆ ಇಟ್ಟಿದ್ದಾರೆ. ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಓದಿದವಳು ಒಬ್ಬಳೇ ನಗಬೇಕಾದರೆ ಅದರಲ್ಲಿ ಎಂತ ಮಜ?

ನಮ್ಮನೆಯಲ್ಲಿ ಗೆದ್ದ ಪುಸ್ತಕ ಅಂದರೆ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ'. ಒಟ್ಟು 12 ಸಂಪುಟ. ಅವರು ಡಾಕ್ಟರ್ ಆಗಿದ್ದವರು. ದಿನವೂ ರೋಗಿಗಳನ್ನು ನೋಡಿ ಇಷ್ಟು ಕತೆ ಯಾವಾಗ ಬರೆದರೋ ಅಂತ ಅಮ್ಮನಿಗೆ ಆಶ್ಚರ್ಯ. ಅವರ ಯಜಮಾನರು ನಿರಂಜನ ಅವರೂ ಮಕ್ಕಳಿಗಾಗಿ 'ಜ್ಞಾನ ಗಂಗೋತ್ರಿ' ಅನ್ನುವ ಕಿರಿಯರ ವಿಶ್ವಕೋಶದ 7 ಸಂಪುಟ ಮಾಡಿದ್ದಾರೆ. ಗಂಡ ಹೆಂಡತಿ ಇಬ್ಬರೂ ನಮಗಾಗಿ ಬರೆದ ಹಾಗಾಯಿತು. 'ದಿನಕ್ಕೊಂದು ಕಥೆ'ಯ ಗುಣ ಏನೆಂದರೆ ಕತೆ ಚಿಕ್ಕದು. ಅಮ್ಮ ಅನ್ನಕ್ಕೆ ಇಟ್ಟು ಕುಕ್ಕರ್ ಕೂಗುವುದರೊಳಗೆ ಒಂದು ಮುಗಿಯುತ್ತದೆ. ತಂಗಿ ಇನ್ನೊಂದು ಅಂತ ಹಟ ಮಾಡುತ್ತಾಳೆ. ದಿನಕ್ಕೊಂದು ಅಂತ ಹೆಸರಲ್ಲೇ ಇದೆ ಅಂದರೂ ಕೇಳುವುದಿಲ್ಲ.

ಅಪ್ಪನದು ಬೇರೆ. "ಪರೀಕ್ಷೆಗೆ ಬರ್ತದಾ ಇದು?" ಅಂತ ಮೊದಲು ಕೇಳುತ್ತಾರೆ. ಆದರೆ ಪೂರ್ಣಚಂದ್ರ ತೇಜಸ್ವಿ ಅವರ 'ಪರಿಸರದ ಕತೆ' ಓದುವಾಗ ಮೊಬೈಲ್ ಕೆಳಗಿಟ್ಟರು. ಅದು 1991ರಲ್ಲಿ ಬಂದ ಪುಸ್ತಕ. ಮಕ್ಕಳ ಪುಸ್ತಕ ಅಂತ ಎಲ್ಲೂ ಬರೆದಿಲ್ಲ, ಆದರೂ ನಮಗೆ ಅರ್ಥವಾಗುತ್ತದೆ. ಅದರಲ್ಲಿ ಕಿವಿ ಅಂತ ಒಂದು ನಾಯಿ ಇದೆ, ಮಾರ, ಪ್ಯಾರ ಅಂತ ಜನ ಬರುತ್ತಾರೆ. ಅಪ್ಪ ಮಾರನ ವಿಷಯ ಬಂದಾಗಲೆಲ್ಲ ನಮ್ಮೂರಿನ ಒಬ್ಬರ ಹೆಸರು ಹೇಳಿ "ಥೇಟ್ ಅವನೇ" ಅಂತ ನಗುತ್ತಿದ್ದರು. ಆಮೇಲೆ ಅವರೇ ತಾವು ಚಿಕ್ಕವರಿದ್ದಾಗ ಹಳ್ಳದಲ್ಲಿ ಏಡಿ ಹಿಡಿದ ಕತೆ ಶುರು ಮಾಡಿದರು. ನಾನು ಏಳು ವರ್ಷ ಶಾಲೆಗೆ ಹೋಗಿದ್ದೇನೆ, ಅಪ್ಪ ಅಷ್ಟು ಹೊತ್ತು ನನ್ನ ಹತ್ತಿರ ಮಾತಾಡಿದ್ದು ಅವತ್ತೇ. ಅಂಕಪಟ್ಟಿ ನೋಡುವಾಗಲೂ ಸಹಿ ಹಾಕಿ ಕೊಟ್ಟುಬಿಡುತ್ತಾರೆ.

ಅಜ್ಜಿಗೆ ಪುಸ್ತಕಕ್ಕಿಂತ ತಾನು ಹೇಳುವುದೇ ಸರಿ ಅಂತ. ಒಂದು ಕತೆ ಅಜ್ಜಿ ಯಾವಾಗಲೂ ಹೇಳುತ್ತಾರೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತಂತೆ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಒಳಗೇ ಇದ್ದು ಇದ್ದು ಅವಕ್ಕೆ ಉಸಿರು ಕಟ್ಟಿ, ಅವಳು ಮಲಗಿದ್ದಾಗ ಹೊರಗೆ ಬಂದು ಒಂದು ಕೋಟಾಯಿತು, ಇನ್ನೊಂದು ಜೋಡಾಯಿತು. ಗಂಡ ಬಂದು, ಯಾರ ಕೋಟು ಯಾರ ಜೋಡು ಅಂತ ಜಗಳ ತೆಗೆದು, ಕಂಬಳಿ ಹೊದ್ದು ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಗುಡಿಗೆ ಬಂದು ಮಾತಾಡುತ್ತಿದ್ದವಂತೆ, ಅವನ ಮನೆಯ ದೀಪ ತಡವಾಗಿ ಬಂದು ಎಲ್ಲ ಹೇಳಿತು. ಅವನು ಬೆಳಿಗ್ಗೆ ಹೋಗಿ ಹೆಂಡತಿಯನ್ನು ಕೇಳಿದರೆ ಅವಳಿಗೆ ಕತೆಯೂ ಮರೆತಿತ್ತು, ಹಾಡೂ ಮರೆತಿತ್ತು. ಈ ಕತೆ ಎ.ಕೆ. ರಾಮಾನುಜನ್ ಅವರು ಕೂಡಿಸಿದ ಜನಪದ ಕತೆಗಳಲ್ಲಿಯೂ ಇದೆ. ಗಿರೀಶ ಕಾರ್ನಾಡರು 1988ರ 'ನಾಗಮಂಡಲ' ನಾಟಕಕ್ಕೆ ಇದನ್ನು ಬಳಸಿಕೊಂಡಿದ್ದಾರೆ. ಅಷ್ಟು ದೊಡ್ಡವರಿಗೆ ಬೇಕಾದ ಕತೆ ನಮ್ಮ ಒಲೆ ಮುಂದೆ ಇತ್ತು ಅಂತ ಹೇಳಿದಾಗ ಅಜ್ಜಿ, "ಅವ್ರು ಕೋಟು ಮೊದ್ಲು ಹೇಳ್ತಾರಾ, ಜೋಡು ಮೊದ್ಲು ಹೇಳ್ತಾರಾ?" ಅಂತ ಕೇಳಿದರು. ನಮ್ಮ ಬೀರುವಿನ ಮುಂದೆ ಹೋಗುವಾಗಲೆಲ್ಲ ನನಗೆ ಈ ಕತೆ ನೆನಪಾಗುತ್ತದೆ.

ಮನೆಗೆ ಕೊಟ್ಟರೆ ಹಾಳಾಗುತ್ತದೆ ಅನ್ನುವವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 'ತೊತ್ತೋಚಾನ್' ಪುಸ್ತಕವನ್ನು ಜಪಾನಿನ ತೆತ್ಸುಕೊ ಕುರೊಯಾನಗಿ ಅವರು ತಮ್ಮ ಸ್ವಂತ ಶಾಲೆಯ ಬಗ್ಗೆ ಬರೆದದ್ದು. 1981ರಲ್ಲಿ ಬಂತು, ಕನ್ನಡದಲ್ಲಿಯೂ ಇದೆ. ಆ ಶಾಲೆಗೆ ಕಟ್ಟಡದ ಬದಲು ರೈಲಿನ ಡಬ್ಬಿಗಳು. ಮುಖ್ಯೋಪಾಧ್ಯಾಯರಾದ ಕೊಬಾಯಾಶಿ ಅವರು ಮೊದಲ ದಿನ ಆ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೇಳಿದರಂತೆ. ಒಂದು ಡಬ್ಬಿಯನ್ನು ಗ್ರಂಥಾಲಯ ಮಾಡಿ, ಯಾವ ತರಗತಿಯವರು ಯಾವ ಪುಸ್ತಕ ಬೇಕಾದರೂ ಓದಬಹುದು, ಮನೆಗೂ ಒಯ್ಯಬಹುದು, ತಪ್ಪದೆ ವಾಪಸ್ ತನ್ನಿ, ನಿಮ್ಮ ಮನೆಯಲ್ಲಿ ಒಳ್ಳೆಯ ಪುಸ್ತಕ ಇದ್ದರೆ ಇಲ್ಲಿಗೂ ತನ್ನಿ ಅಂತ ಮಕ್ಕಳಿಗೆ ಹೇಳಿದರು. ಆ ಶಾಲೆ 1945ರಲ್ಲಿ ಯುದ್ಧದ ಬಾಂಬಿಗೆ ಸುಟ್ಟುಹೋಯಿತು. ಮಕ್ಕಳ ಕೈಯಿಂದ ಹಾಳಾಗಲಿಲ್ಲ.

ಓದಲು ಬಾರದವರ ಮನೆಗೆ ಪುಸ್ತಕ ಕೊಟ್ಟು ಏನು ಪ್ರಯೋಜನ ಅಂತ ಒಬ್ಬರು ಕೇಳಿದರು. ನನ್ನ ಪ್ರಕಾರ ಮೊದಲು ಅಂಥ ಮನೆಗೇ ಕೊಡಬೇಕು. ಅಲ್ಲಿ ಓದಿ ಹೇಳುವವರು ನಾವೇ ತಾನೆ? ನಮ್ಮಮ್ಮ ಮೊದಲು ಸುಮ್ಮನೆ ಕೇಳುತ್ತಿದ್ದರು. ಈಗ ನನಗೆ ಗಂಟಲು ನೋವು ಬಂದ ದಿನ ಪುಸ್ತಕ ಇಸಕೊಂಡು ತಾವೇ ಬೆರಳಿಟ್ಟು ಓದುತ್ತಾರೆ. ನಿಧಾನ, ಆದರೆ ತಂಗಿಗೆ ಅಮ್ಮನ ನಿಧಾನವೇ ಇಷ್ಟ, ಅವಳೂ ಜೊತೆಗೆ ಅಕ್ಷರ ಕೂಡಿಸುತ್ತಾಳೆ. ಐದನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಅಮ್ಮ ಓದಿದ ಮೊದಲ ಪುಸ್ತಕ ಅದು. "ಮಕ್ಕಳ ಪುಸ್ತಕ ಆಗಿದ್ದಕ್ಕೆ ನಂಗೆ ಓದಕ್ಕಾಯ್ತು" ಅಂತಾರೆ.

ಏಳನೇ ತರಗತಿಯವರು ಬರುವ ವರ್ಷ ಹೈಸ್ಕೂಲಿಗೆ ಹೋಗುತ್ತೇವೆ. ನನ್ನ ತಂಗಿ ಇಲ್ಲೇ ಇರುತ್ತಾಳೆ. ಅದಕ್ಕೇ ಈ ವರ್ಷವೇ ಶುರುವಾಗಬೇಕು ಅಂತ ನನ್ನ ಅವಸರ.

ಮಾಡುವುದು ಕಷ್ಟವಿಲ್ಲ. ಶನಿವಾರ ಒಬ್ಬರಿಗೆ ಒಂದು ಪುಸ್ತಕ, ಮುಂದಿನ ಶನಿವಾರ ವಾಪಸ್. ತಂದಮೇಲೆ ಮನೆಯಲ್ಲಿ ಯಾರು ಯಾರು ಕೇಳಿದರು, ಯಾರು ಏನು ಅಂದರು ಅಂತ ಎರಡು ಸಾಲು ಬರೆಯಬೇಕು. ಹರಿದರೆ ಅಂಟು ಹಚ್ಚಿ ಬೈಂಡ್ ಹಾಕುವುದನ್ನು ಕಾರ್ಯಾನುಭವದ ಪಿರಿಯಡ್‌ನಲ್ಲಿ ಕಲಿಸಿದರೆ ಸಾಕು. ಕಳೆದವರು ಇನ್ನೊಂದು ಪುಸ್ತಕ ತಂದುಕೊಡಲಿ, ಹಳೆಯದಾದರೂ ಸರಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಯ್ಯಬೇಕು.

ನಾನು ನೂರು ಪುಟದ ನೋಟ್‌ಬುಕ್‌ಗೆ ಗೆರೆ ಎಳೆದು ತಂದಿದ್ದೇನೆ. ಕ್ರಮ ಸಂಖ್ಯೆ, ಪುಸ್ತಕದ ಹೆಸರು, ಒಯ್ದವರು, ತಾರೀಖು, ವಾಪಸ್, ಮನೆಯವರ ಮಾತು ಅಂತ ಆರು ಕಾಲಂ ಇದೆ. ಗೋಡೆ ಪತ್ರಿಕೆಯ ಕೆಳಗಿನ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದೇನೆ. ಒಪ್ಪಿಗೆ ಇರುವವರು ಹಿಂದಿನ ಪುಟದಲ್ಲಿ ಹೆಸರು ಬರೆಯಿರಿ. ಬೀಗದ ಕೈ ಮೇಷ್ಟ್ರ ಹತ್ತಿರ ಇದೆ.

— ಏಳನೇ ತರಗತಿಯ ವಿದ್ಯಾರ್ಥಿನಿ