ಎತ್ತಿನ ಸೋಮವಾರ, ಮಾಲಿಯ ಭಾನುವಾರ

ಬೆಂಗಳೂರಿನ ಲಾಲ್‌ಬಾಗನ್ನು ಸಿದ್ದಾಪುರದ ಕಡೆಯ ದ್ವಾರದಿಂದ ದಾಟಿ ಹೊರಬಂದರೆ ಎದುರಾಗುವುದು ಸಸಿಗಳ ಕೇರಿ. ಇದು ಉತ್ತರ ಕನ್ನಡದ ಸಿದ್ದಾಪುರವಲ್ಲ, ಕೊಡಗಿನದೂ ಅಲ್ಲ. ಜಯನಗರದ ಅಶೋಕ ಸ್ತಂಭದ ಆಸುಪಾಸಿನಲ್ಲಿರುವ, ಬಹುಕಾಲದಿಂದ ನರ್ಸರಿಗಳಿಗೆ ಹೆಸರಾದ ಸಿದ್ದಾಪುರ. ಭಾನುವಾರ ಬೆಳಿಗ್ಗೆ ಇಲ್ಲಿ ವ್ಯಾಪಾರ ಬಿರುಸು. ವಾರದ ಐದು ದಿನ ಗಣಕಯಂತ್ರದ ಮುಂದೆ ಕುಳಿತವರು ತಾರಸಿಗೊಂದು ಕರಿಬೇವು, ಅಂಗಳಕ್ಕೊಂದು ದಾಸವಾಳ ಅರಸಿ ಬರುತ್ತಾರೆ. ಅವರಿಗೆ ಕುಂಡ ಎತ್ತಿಕೊಡುವ, ಕೆಮ್ಮಣ್ಣಿಗೆ ಗೊಬ್ಬರ ಬೆರೆಸುವ, ಗಿಡವನ್ನು ಗಾಡಿಯವರೆಗೆ ಹೊತ್ತೊಯ್ಯುವ ಕೈಗಳಿಗೆ ಅಂದೇ ವಾರದ ಅತಿ ಹೆಚ್ಚಿನ ಕೆಲಸ. ದಿನಗೂಲಿಯವನಿಗೆ ರಜೆಯೆಂದರೆ ಕೂಲಿಯಿಲ್ಲದ ದಿನ. ಸಸಿಗಂತೂ ಏಳು ದಿನವೂ ನೀರು ಬೇಕು.

ವಾರದ ದುಡಿಮೆಯನ್ನು ಕಡಿಮೆ ಮಾಡಿದರೆ ಉತ್ಪಾದಕತೆ ಹೆಚ್ಚುವುದೇ, ಶಾಲೆಯ ದಿನಗಳನ್ನು ಕಡಿತಗೊಳಿಸಿದರೆ ಕಲಿಕೆ ಸುಧಾರಿಸುವುದೇ ಎಂಬ ಪ್ರಶ್ನೆಗಳನ್ನು ಈ ಕೇರಿಯಲ್ಲಿ ನಿಂತು ಕೇಳುವುದು ಒಳ್ಳೆಯದು. ಹವಾನಿಯಂತ್ರಿತ ಸಭಾಂಗಣದಲ್ಲಿ ಕೇಳಿದಾಗ ಉತ್ತರ ತೀರ ಸುಲಭವಾಗಿಬಿಡುತ್ತದೆ.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ಎನ್. ಆರ್. ನಾರಾಯಣಮೂರ್ತಿಯವರು ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಅದೇ ವರ್ಷದ ಆರಂಭದಲ್ಲಿ ಕರ್ನಾಟಕದ ವಿಧಾನಮಂಡಲವು ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು ದಿನದ ದುಡಿಮೆಯನ್ನು 9 ಗಂಟೆಯಿಂದ 12 ಗಂಟೆಯವರೆಗೆ ವಿಸ್ತರಿಸಲು ಅವಕಾಶ ಕಲ್ಪಿಸಿತ್ತು. ವಾರದ ಮಿತಿಯನ್ನು ಮಾತ್ರ 48 ಗಂಟೆಯಲ್ಲೇ ಉಳಿಸಿ, ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿತು. 2024ರ ಜುಲೈನಲ್ಲಿ ಮಾಹಿತಿ ತಂತ್ರಜ್ಞಾನ ಕ್ಷೇತ್ರಕ್ಕೆ ದಿನಕ್ಕೆ 14 ಗಂಟೆಯ ಪ್ರಸ್ತಾವವೇ ಚರ್ಚೆಗೆ ಬಂದು, ನೌಕರರ ಸಂಘ ಬೀದಿಗಿಳಿಯಬೇಕಾಯಿತು. ನಾಲ್ಕು ದಿನ ತಲಾ 12 ಗಂಟೆ ದುಡಿದು ಮೂರು ದಿನ ವಿಶ್ರಮಿಸಬಹುದೆಂಬ ಆಮಿಷವೂ ಈ ಮಾತುಗಳ ಜೊತೆಗೇ ಬಂದಿದೆ. ಇದು ವಾರವನ್ನು ಕಿರಿದಾಗಿಸುವುದಲ್ಲ, ಮಡಿಚಿಡುವುದು. ಹನ್ನೆರಡು ಗಂಟೆ ಹೊಲಿಗೆ ಯಂತ್ರದ ಮುಂದೆ ಬಾಗಿದ ಬೆನ್ನಿಗೆ ಐದನೆಯ ದಿನದ ರಜೆ ಔಷಧವಾಗದು. ಮನೆಗೆ ಮರಳಿ ಒಲೆ ಹಚ್ಚಬೇಕಾದ ಹೆಂಗಸಿಗಂತೂ ಆ ಹನ್ನೆರಡು ಗಂಟೆ ಹದಿನಾರಾಗುತ್ತದೆ.

ಗಂಟೆ ಹೆಚ್ಚಿದಂತೆ ಉತ್ಪನ್ನವೂ ಹೆಚ್ಚುವುದೆಂಬ ನಂಬಿಕೆಗೆ ಆಧಾರವಿದೆಯೇ? ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದವರ ಲೆಕ್ಕಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕವೆಲ್ 2014ರಲ್ಲಿ ಮರುಪರಿಶೀಲಿಸಿದರು. ವಾರಕ್ಕೆ ಸುಮಾರು 49 ಗಂಟೆಯವರೆಗೆ ದುಡಿಮೆಗೆ ತಕ್ಕಂತೆ ಉತ್ಪನ್ನ ಏರಿತ್ತು. ಅನಂತರ ಏರಿಕೆ ಕುಗ್ಗುತ್ತ ಹೋಗಿ, 70 ಗಂಟೆಯ ಉತ್ಪನ್ನವು 56 ಗಂಟೆಯ ಉತ್ಪನ್ನಕ್ಕಿಂತ ಅಷ್ಟೇನೂ ಭಿನ್ನವಾಗಿರಲಿಲ್ಲ. ಭಾನುವಾರದ ಬಿಡುವನ್ನು ಕಸಿದುಕೊಂಡ ವಾರಗಳಲ್ಲಿ ಪೆಟ್ಟು ಇನ್ನೂ ಹೆಚ್ಚು.

ಬೇಸಾಯ ಶಾಸ್ತ್ರ ಬಲ್ಲವರಿಗೆ ಈ ರೇಖೆ ಹೊಸತಲ್ಲ. ಭತ್ತಕ್ಕೆ ಸಾರಜನಕ ಹಾಕುತ್ತ ಹೋದರೆ ಇಳುವರಿ ಮೊದಲು ಭರದಿಂದ ಏರುತ್ತದೆ, ಬಳಿಕ ನಿಧಾನಿಸುತ್ತದೆ, ಆಮೇಲೆ ಪೈರು ಮೃದುವಾಗಿ ಬೆಂಕಿ ರೋಗಕ್ಕೆ ತುತ್ತಾಗುತ್ತದೆ, ಗಾಳಿಗೆ ಒರಗುತ್ತದೆ. ಕೊನೆಯ ಮೂಟೆ ಯೂರಿಯಾದಿಂದ ಬಂದದ್ದು ಕಾಳಲ್ಲ, ಹಳ್ಳದ ನೀರಿಗೆ ಸೇರಿದ ವಿಷ. ಇದನ್ನು ಪ್ರಯೋಗಾಲಯವಿಲ್ಲದೆಯೇ ಬಲ್ಲವರು ಎತ್ತಿಗೆ ವಾರದ ಬಿಡುವು ಕೊಟ್ಟರು. ಕರ್ನಾಟಕದ ಎಷ್ಟೋ ಊರುಗಳಲ್ಲಿ ಸೋಮವಾರ ಬಸವನ ದಿನ. ಅಂದು ನೊಗ ಹೂಡುವುದು ಸಲ್ಲದು. ಭಕ್ತಿಯ ಹೊದಿಕೆಯೊಳಗೆ ಒಳ್ಳೆಯ ಪಶುಪಾಲನೆಯ ವಿವೇಕವಿತ್ತು. ಎತ್ತು ಹೂಡುವ ಆಳಿಗೂ ಅದೇ ದಿನ ಬಿಡುವು ಸಿಗುತ್ತಿತ್ತೇ ಎಂದು ಕೇಳಿದರೆ ಮಾತ್ರ ಉತ್ತರ ಅಷ್ಟು ಹಿತವಾಗಿರಲಾರದು.

ಇತ್ತ ಕಿರುವಾರದ ಪರವಾದ ಸಾಕ್ಷ್ಯಗಳನ್ನೂ ಜರಡಿ ಹಿಡಿಯಬೇಕು. 2019ರ ಆಗಸ್ಟಿನಲ್ಲಿ ಜಪಾನಿನ ಮೈಕ್ರೋಸಾಫ್ಟ್ ನಾಲ್ಕು ದಿನದ ವಾರ ನಡೆಸಿ ಉತ್ಪಾದಕತೆ ಶೇ. 40ರಷ್ಟು ಏರಿತೆಂದು ಸಾರಿತು. ಅದು ನೌಕರನೊಬ್ಬನ ಲೆಕ್ಕಕ್ಕೆ ಬಂದ ಮಾರಾಟದ ಅಳತೆ, ಅದೂ ಒಂದೇ ತಿಂಗಳದ್ದು. ಒಂದು ಮಳೆಗಾಲದ ಫಸಲು ನೋಡಿ ತಳಿ ಬಿಡುಗಡೆ ಮಾಡಿದಂತೆ ಇದು. ಐಸ್‌ಲ್ಯಾಂಡಿನಲ್ಲಿ 2015ರಿಂದ 2019ರವರೆಗೆ ನಡೆದ ಪ್ರಯೋಗಗಳು ಹೆಚ್ಚು ಗಟ್ಟಿ. ಸುಮಾರು 2,500 ಸರ್ಕಾರಿ ಮತ್ತು ನಗರಾಡಳಿತದ ನೌಕರರ ವಾರವನ್ನು, ಸಂಬಳ ಕಡಿಯದೆ, 40 ಗಂಟೆಯಿಂದ 35-36 ಗಂಟೆಗೆ ಇಳಿಸಲಾಯಿತು. ಹೆಚ್ಚಿನ ಕಡೆಗಳಲ್ಲಿ ಕೆಲಸ ಕುಗ್ಗಲಿಲ್ಲ, ಜನರ ಆರೋಗ್ಯ ಮೇಲಾಯಿತು. ಸಂಬಳ ಕಡಿಯದೆ ಎಂಬ ಮಾತನ್ನು ಇಲ್ಲಿ ಅಡಿಗೆರೆ ಎಳೆದು ಓದಬೇಕು. ಸಿದ್ದಾಪುರದ ಮಾಲಿಗೆ ಕಿರುವಾರ ತಲುಪಬೇಕಾದರೆ ಮೊದಲು ರಜೆಯ ದಿನದ ಕೂಲಿ ತಲುಪಬೇಕು. ನರ್ಸರಿಗಳೆಲ್ಲ ಸೇರಿ ಸೋಮವಾರ ಬಾಗಿಲು ಹಾಕಿ, ನೀರು ಹಾಕುವವರನ್ನು ಸರದಿಯಂತೆ ನೇಮಿಸಿದರೆ ಅಸಾಧ್ಯವಾದದ್ದೇನೂ ಇಲ್ಲ.

ಶಾಲೆಯ ಮಾತು ಬೇರೆ. ಅದನ್ನು ಕಾರ್ಖಾನೆಯ ಲೆಕ್ಕದಲ್ಲಿ ಅಳೆಯಲು ಬಾರದು. ಅಮೆರಿಕದ ಗ್ರಾಮೀಣ ಜಿಲ್ಲೆಗಳು 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಬಸ್ಸಿನ ಇಂಧನ ಉಳಿಸಲೆಂದು ನಾಲ್ಕು ದಿನದ ಶಾಲೆ ಆರಂಭಿಸಿದವು. ಮಕ್ಕಳ ಹಿತ ಚಿಂತಿಸಿ ಅಲ್ಲ. ಒರೆಗಾನ್ ರಾಜ್ಯದ ಅಂಕಗಳನ್ನು ಅಭ್ಯಸಿಸಿದ ಪಾಲ್ ಥಾಮ್ಸನ್ ಗಣಿತ ಮತ್ತು ಓದು ಎರಡರಲ್ಲಿಯೂ ಕುಸಿತ ಕಂಡರು. ಬೋಧನೆಯ ಗಂಟೆಗಳು ಖೋತಾ ಆದದ್ದೇ ಮುಖ್ಯ ಕಾರಣವೆಂದರು.

ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೆಯ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆಯನ್ನೂ 6ರಿಂದ 8ನೆಯ ತರಗತಿಗೆ 220 ದಿನ, 1,000 ಗಂಟೆಯನ್ನೂ ವಿಧಿಸಿದೆ. ಕರ್ನಾಟಕದಲ್ಲಿ ಶನಿವಾರ ಬೆಳಗಿನ ಶಾಲೆ ಮಾತ್ರ. ಅದನ್ನು ಬಿಟ್ಟು, ಉಳಿದ ದಿನಗಳಿಗೆ ಮುಕ್ಕಾಲು ಗಂಟೆ ಸೇರಿಸಿದರೆ ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ. ಮಲೆನಾಡಿನಲ್ಲಿ ಸರಿಹೋಗದು. ಆಷಾಢದ ಮಳೆಯಲ್ಲಿ ಐದಕ್ಕೇ ಕತ್ತಲು ಕವಿಯುವ ಕಾಡುದಾರಿಯಲ್ಲಿ, ಕಾಲುಸಂಕ ದಾಟಿ ಮನೆ ಸೇರಬೇಕಾದ ಮಗುವಿಗೆ ಆ ಮುಕ್ಕಾಲು ಗಂಟೆ ಚಿಕ್ಕದಲ್ಲ. ಇಲ್ಲಿ ಜುಲೈ, ಆಗಸ್ಟ್ ತಿಂಗಳ ಮಳೆರಜೆಗಳನ್ನು ತುಂಬಿಕೊಳ್ಳಲು ಒದಗುವುದೂ ಶನಿವಾರದ ಮಧ್ಯಾಹ್ನಗಳೇ.

ಇನ್ನೊಂದು ಸಂಗತಿಯನ್ನು ನಗರದ ಚರ್ಚೆ ಮರೆಯುತ್ತದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮೊಟ್ಟೆ ನೀಡಿಕೆ ವಾರಕ್ಕೆ ಎರಡು ದಿನದಿಂದ ಆರು ದಿನಕ್ಕೆ ವಿಸ್ತರಿಸಿತು. ಶಾಲೆಯ ಒಂದು ದಿನ ಹೋದರೆ ಒಂದು ಬಿಸಿಯೂಟ, ಒಂದು ಮೊಟ್ಟೆ ಹೋಯಿತು. ಖಾಸಗಿ ಶಾಲೆಯ ಮಗುವಿಗೆ ಶನಿವಾರವೆಂದರೆ ಈಜು, ಸಂಗೀತ. ತೋಟದ ಸಾಲುಮನೆಯ ಮಗುವಿಗೆ ಕಾಫಿ ಹಣ್ಣು ಕೊಯ್ಯುವ ತಾಯಿಯ ಹಿಂದೆ ನಡೆಯುವ ದಿನ. 2025ರ ಅಕ್ಟೋಬರಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಕಳುಹಿಸಲು ದಸರಾ ರಜೆಯನ್ನು 18ನೆಯ ತಾರೀಖಿನವರೆಗೆ ಮುಂದೂಡಿದಾಗ ಬೀಗ ಬಿದ್ದದ್ದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೇ. ದಿನ ಕಳೆದುಕೊಳ್ಳುವ ಮಕ್ಕಳು ಯಾರೆಂಬುದಕ್ಕೆ ಬೇರೆ ಪುರಾವೆ ಬೇಡ.

ಹಾಗಾದರೆ ಶನಿವಾರ ಉಳಿಯಲಿ, ಚೀಲ ಹೋಗಲಿ. ತಿಂಗಳ ಮೂರನೆಯ ಶನಿವಾರವನ್ನು ಚೀಲರಹಿತ ದಿನವಾಗಿಸುವ ಆದೇಶವನ್ನು ಶಿಕ್ಷಣ ಇಲಾಖೆ 2019ರಲ್ಲೇ ಹೊರಡಿಸಿದೆ. ಅದಕ್ಕೀಗ ಸಂಭ್ರಮ ಶನಿವಾರವೆಂಬ ಚೆಂದದ ಹೆಸರೂ ಇದೆ. ಅದನ್ನು ಎಲ್ಲ ಶನಿವಾರಗಳಿಗೂ ಹರಡಬಹುದು. ಊಟ ಇರುತ್ತದೆ, ಮೊಟ್ಟೆ ಇರುತ್ತದೆ; ಪಾಠ ಹಳ್ಳದ ದಂಡೆಯಲ್ಲಿ, ಬೆಟ್ಟದ ಕಾನಿನಲ್ಲಿ ನಡೆಯುತ್ತದೆ. ಮುರುಗಲು, ವಾಟೆ, ರಾಮಪತ್ರೆಯ ಬೀಜ ಹೆಕ್ಕಿ ಶಾಲೆಯ ಹಿತ್ತಲಲ್ಲಿ ಸಸಿಮಡಿ ಮಾಡುವುದನ್ನು ಕಲಿಸಲು ಪಠ್ಯಪುಸ್ತಕ ಬೇಕಿಲ್ಲ. ಊರಿನ ಹಿರಿಯರೊಬ್ಬರು ಸಾಕು. ಶಿಕ್ಷಕರಿಗೆ ವಾರಕ್ಕೆ ಕಾಯ್ದೆ ಹೇಳುವ 45 ಗಂಟೆಯೊಳಗೇ ಇದು ನಡೆಯಬೇಕು, ಅದರ ಮೇಲೆ ಹೊರಿಸಿದ ಇನ್ನೊಂದು ಹೊರೆಯಾಗಿ ಅಲ್ಲ.

ಕೊನೆಗೆ ಬೆಟ್ಟದ ಪಾಲಿನ ಪ್ರಶ್ನೆ. ನಗರದ ಬಿಡುವು ಎಲ್ಲಿಗೆ ಹರಿಯುತ್ತದೆ? 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸೇರಿದ ಜನಸಾಗರ ಕಂಡು, ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನೇ ಸರ್ಕಾರ ನಿಲ್ಲಿಸಬೇಕಾಯಿತು. ಮುಳ್ಳಯ್ಯನಗಿರಿಗೆ 2025ರ ಸೆಪ್ಟೆಂಬರಿನಿಂದ ವಾಹನಗಳ ನೋಂದಣಿ ಕಡ್ಡಾಯವಾಯಿತು. ಎರಡು ದಿನದ ರಜೆಯೇ ಶೋಲಾ ಅಂಚಿನ ಹುಲ್ಲುಗಾವಲನ್ನು ಇಷ್ಟು ತುಳಿಸಿದರೆ ಮೂರು ದಿನದ್ದು ಏನು ಮಾಡೀತೆಂಬ ಭಯ ಸಹಜ. ಆದರೂ ಆ ಭಯದಿಂದ ಇನ್ನೊಬ್ಬರ ವಿಶ್ರಾಂತಿಯನ್ನು ವಿರೋಧಿಸುವುದು ನ್ಯಾಯವಲ್ಲ. ಎಲ್ಲರಿಗೂ ಶನಿವಾರ, ಭಾನುವಾರಗಳೇ ರಜೆಯಾಗಬೇಕೆಂದೇನಿಲ್ಲ. ಕಚೇರಿಗಳು ಬಿಡುವಿನ ದಿನವನ್ನು ಸರದಿಯಂತೆ ಹಂಚಿದರೆ ಘಟ್ಟದ ರಸ್ತೆಗೂ ಸಿದ್ದಾಪುರದ ಕೇರಿಗೂ ಭಾನುವಾರದ ಒತ್ತಡ ಇಳಿಯುತ್ತದೆ. ಗಿಡ ಕೊಳ್ಳುವವರು ಬುಧವಾರವೂ ಬರಬಹುದು; ಕುಂಡಕ್ಕೆ ಮಣ್ಣು ತುಂಬುವವರು ಒಂದು ಭಾನುವಾರವಾದರೂ ಮಕ್ಕಳೊಡನೆ ಲಾಲ್‌ಬಾಗಿನ ಒಳಗೆ ಹೋಗಿ ಕುಳಿತುಕೊಳ್ಳಬಹುದು.