ಕೇಳದೆ ಕೊಟ್ಟ ಸದಸ್ಯತ್ವ

ಮದುವೆಯಾದ ಹೆಣ್ಣು ಯಾವ ಕುಟುಂಬದ ಸದಸ್ಯೆ? ಈ ಪ್ರಶ್ನೆಯನ್ನು ಅವಳನ್ನೇ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಧಾರೆ ಮುಗಿದೊಡನೆ ಉತ್ತರ ತಾನಾಗಿ ನಿರ್ಧಾರವಾಗಿಬಿಡುತ್ತದೆ. ಗಂಡನ ಮನೆಯ ರೇಷನ್ ಕಾರ್ಡು, ಗಂಡನ ಮನೆದೇವರು, ಗಂಡನ ಜಾತಿ ಸಂಘ. ಈಗ ಇನ್ನೊಂದು ಸೇರಿದೆ. ನಮ್ಮ ಫಳ್ನೀರಿನ ಫ್ಲ್ಯಾಟುಗಳಿಗೆ ಸೊಸೆಯಾಗಿ ಬರುವ ಹುಡುಗಿಯ ಮೊಬೈಲಿನಲ್ಲಿ ನಿಶ್ಚಿತಾರ್ಥದ ಮರುದಿನವೇ ಗಂಡನ ಕಡೆಯವರ ವಾಟ್ಸಾಪ್ ಗುಂಪುಗಳು ತುಂಬಿರುತ್ತವೆ. ಸೇರಿಸುವಾಗ ಯಾರೂ ಕೇಳುವುದಿಲ್ಲ. ಹೊರಬಂದರೆ ಮಾತ್ರ ಎಲ್ಲರೂ ಕಾರಣ ಕೇಳುತ್ತಾರೆ.

ಇದು ಸಣ್ಣ ವಿಷಯವೆಂದು ನಗಬಹುದು. ಆದರೆ ಇದೇ ತರ್ಕ ಕಾನೂನಿನೊಳಗೂ ಕುಳಿತಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ಮಕ್ಕಳಿಲ್ಲದ ವಿವಾಹಿತೆ ಉಯಿಲು ಬರೆಯದೆ ಸತ್ತರೆ ಅವಳ ಸ್ವಂತ ದುಡಿಮೆಯ ಆಸ್ತಿ ಗಂಡನಿಗೆ, ಅವನಿಲ್ಲದಿದ್ದರೆ ಅವನ ವಾರಸುದಾರರಿಗೆ. ಹೆತ್ತವರ ಸರದಿ ಅನಂತರ.

2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಪ್ರಕರಣ ನೋಡಿ. 1955ರಲ್ಲಿ ಮದುವೆಯಾದ ಹೆಣ್ಣು ಮೂರೇ ತಿಂಗಳಲ್ಲಿ ವಿಧವೆಯಾದಳು. ಗಂಡನ ಮನೆಯವರು ಹೊರಗಟ್ಟಿದರು, ತವರಿನವರು ಓದಿಸಿದರು, ಅವಳು ಉದ್ಯೋಗ ಹಿಡಿದು ಗಳಿಸಿದಳು. 1996ರಲ್ಲಿ ಅವಳು ತೀರಿಕೊಂಡಾಗ ಉಯಿಲು ಇರಲಿಲ್ಲ. ಅವಳ ಗಳಿಕೆ ಹೋದದ್ದು ಹೆತ್ತ ತಾಯಿಯ ಕಡೆಗಲ್ಲ, ಗಂಡನ ಸೋದರಿಯ ಮಕ್ಕಳಿಗೆ! ಅನುಕಂಪದಿಂದ ಹಕ್ಕನ್ನು ನಿರ್ಧರಿಸಲಾಗದು ಎಂದಿತು ನ್ಯಾಯಾಲಯ. ಮನೆಯಿಂದ ಹೊರಹಾಕಿದರೂ ಸದಸ್ಯತ್ವ ರದ್ದಾಗಲಿಲ್ಲ. ಅದರ ಲಾಭ ಮಾತ್ರ ಅವಳದಾಗಲಿಲ್ಲ.

ಬೇರೆ ದಾರಿ ಇದೆಯೇ ಎಂದು ಹುಡುಕಲು ನಾವು ದೂರ ಹೋಗಬೇಕಿಲ್ಲ. ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಮದುವೆಯಿಂದ ಹೆಣ್ಣು ತಾಯಿಯ ಕುಟುಂಬ ಬಿಟ್ಟುಹೋಗುತ್ತಿರಲಿಲ್ಲ. ಅದೇ 1956ರ ಕಾಯ್ದೆಯ 17ನೆಯ ಕಲಮು ಈ ಕಟ್ಟಿನವರ ಮಟ್ಟಿಗೆ ಮಕ್ಕಳ ಜೊತೆಗೆ ತಾಯಿಯನ್ನೂ ಮೊದಲ ಸಾಲಿನಲ್ಲಿಟ್ಟು, ಗಂಡನ ವಾರಸುದಾರರನ್ನು ಕೊನೆಗೆ ಇಟ್ಟಿದೆ. ಅಂದರೆ ಈ ಕ್ರಮ ದೇವರು ಬರೆದದ್ದಲ್ಲ, ಬದಲಿಸಬಹುದಾದದ್ದು. ಅಳಿಯಸಂತಾನ ಸ್ವರ್ಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು. ಆದರೂ ಪೆಟ್ಟು ತಿಂದವಳಿಗೆ ಮರಳಲು ತನ್ನದೆನ್ನುವ ಮನೆಯಿತ್ತು.

'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಯೇ ಇಂದಿಗೂ ಎಷ್ಟೋ ಹೆಣ್ಣುಮಕ್ಕಳನ್ನು ಹೊಡೆಯುವವನ ಬಳಿಗೆ ವಾಪಸು ಕಳಿಸುತ್ತಿದೆ. ವರದಕ್ಷಿಣೆ ಈ ಸದಸ್ಯತ್ವದ ಪ್ರವೇಶಧನ. ಕಟ್ಟುವವರು ತವರಿನವರು, ಎಣಿಸಿಕೊಳ್ಳುವವರು ಅತ್ತೆಮನೆಯವರು. ನಡುವೆ ನಿಂತವಳಿಗೆ ಮತದಾನದ ಹಕ್ಕಿಲ್ಲ.

ಹೆತ್ತವರ ವಾರಸುದಾರರಿಗೂ ಸಮಪಾಲು ಇರಲೆಂದು ಕಾನೂನು ಆಯೋಗ 2008ರಲ್ಲೇ ಶಿಫಾರಸು ಮಾಡಿತ್ತು. ಅದಕ್ಕಾಗಿ ನಮ್ಮ ಸಂಘಟನೆಗಳು ಒತ್ತಾಯಿಸಬೇಕು. ಅಲ್ಲಿಯವರೆಗೆ ದುಡಿಯುವ ಪ್ರತಿ ಹೆಣ್ಣೂ ಉಯಿಲು ಬರೆಯಲಿ. ಬಿಳಿ ಹಾಳೆ, ಅವಳ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು; ನೋಂದಣಿ ಕಡ್ಡಾಯವಲ್ಲ. ಮದುಮಗಳ ಮೊಬೈಲಿಗೆ ಹತ್ತು ಗುಂಪು ಸೇರಿಸುವ ನಾವು 181 ಎಂಬ ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನೂ ಸೇರಿಸಿಕೊಡೋಣ. ಮುಖ್ಯವಾಗಿ, ತವರಿನ ಬಾಗಿಲಿನ ಒಂದು ಕೀಲಿಕೈ ಅವಳ ಬಳಿಯೇ ಇರಲಿ.